ಕುಟ್ಟೆ ಹುಳಕ್ಕೆ ವಿಮೆ ಇಲ್ಲ (ಇಂಗ್ಲೆಂಡಿನಲ್ಲಿ ಮನೆ ಮಾಡಿದ ಕಥೆ, ಭಾಗ 9)

ಈ ವಾರ ಸ್ಟ್ಯಾಂಪ್ ಡ್ಯೂಟಿ ಬಗ್ಗೆ ಬರೆಯುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಮೊನ್ನೆ ಬ್ರೇಕ್ ರೂಮಿನಲ್ಲಿ ನಮ್ಮ ವಾರ್ಡಿನ ಹೊಸ ನರ್ಸ್, ಹಾಸನದ ಹುಡುಗಿ, ಮೊಬೈಲ್ ಮುಂದಿಟ್ಟು ಕೇಳಿದಳು: "ಅಕ್ಕಾ, ನಾವು ನೋಡಿರೋ ಮನೆಯ ಸರ್ವೇ ರಿಪೋರ್ಟಲ್ಲಿ ವುಡ್‌ವರ್ಮ್ ಅಂತ ಬರೆದಿದ್ದಾರೆ. ಪರವಾಗಿಲ್ಲ ಅಲ್ವಾ? ಹೇಗೂ ಹೋಮ್ ಇನ್ಶೂರೆನ್ಸ್ ಮಾಡಿಸ್ತೀವಲ್ಲ."

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ, ಇದೇ ಧೈರ್ಯದಲ್ಲಿ ಅಂದುಕೊಂಡಿದ್ದೆ. ಅವಳಿಗೆ ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮನೆ ಕೊಳ್ಳುವ ಯೋಚನೆಯಲ್ಲಿ ಇರುವವರು ದಯವಿಟ್ಟು ಕೊನೆಯವರೆಗೂ ಓದಿ.

ನಮ್ಮದು ಶ್ರಾಪ್‌ಶೈರಿನಲ್ಲಿ ಒಂದು ಟೆರೇಸ್ ಮನೆ. 1900ರ ಆಸುಪಾಸಿನದು. ಈ ಸಾಲುಮನೆಗಳಲ್ಲಿ ಮೊದಲು ಬಚ್ಚಲು ಇರಲಿಲ್ಲವಂತೆ, ಆಮೇಲೆ ಹಿಂದುಗಡೆ ಅಡುಗೆಮನೆಗೆ ಅಂಟಿಸಿ ಕಟ್ಟಿದ್ದು. ನೆಲ ಮರದ್ದು. ಕೆಳಗೆ ಅಡ್ಡತೊಲೆ, ಅದರ ಮೇಲೆ ಪೈನ್ ಹಲಗೆ, ಅದರ ಮೇಲೆ ಹಿಂದಿನ ಮಾಲೀಕರು ಹಾಕಿದ ಚಂದದ ಬೂದು ಬಣ್ಣದ ವಿನೈಲ್. ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಬಂದು ಸ್ನಾನಕ್ಕೆ ಹೋದೆ. ಟಬ್ಬಿನ ಪಕ್ಕ ಕಾಲಿಟ್ಟೆ. ಕಾಲು ಒಳಗೆ ಹೋಯಿತು. ಬಿದ್ದೆ ಅಂತ ಅಲ್ಲ, ಹದವಾಗಿ ಬೆಂದ ಇಡ್ಲಿಯೊಳಗೆ ಬೆರಳು ಇಳಿದ ಹಾಗೆ ಮೆಲ್ಲಗೆ ಇಳಿಯಿತು. ವಿನೈಲ್ ಎತ್ತಿ ನೋಡಿದರೆ ಹಲಗೆಯ ತುಂಬ ಗುಂಡುಸೂಜಿ ಚುಚ್ಚಿದಂಥ ತೂತು. ಕೈಯಲ್ಲಿ ಒತ್ತಿದರೆ ಮರ ಹೋಗಿ ಹಿಟ್ಟು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಪುತ್ತೂರಿನ ಹತ್ತಿರ ನಮ್ಮದು ಹಂಚಿನ ಮನೆ, ಅಪ್ಪನಿಗೆ ಮರ ಗೊತ್ತು. ಒಂದೇ ನೋಟಕ್ಕೆ ಹೇಳಿದರು: "ಅಯ್ಯೋ ಮಾರಾಯ್ತಿ, ಕುಟ್ಟೆ ಹಿಡಿದದ್ದು ಅದು. ಇಂಗ್ಲೆಂಡಿನಲ್ಲೂ ಕುಟ್ಟೆ ಉಂಟಾ?"

ಉಂಟು. ನಮ್ಮ ಗೆದ್ದಲಿಗೂ ಇದಕ್ಕೂ ಸಂಬಂಧವಿಲ್ಲ. ಗೆದ್ದಲು ಮಣ್ಣಿನಿಂದ ದಂಡು ಕಟ್ಟಿ ಬರುತ್ತದೆ. ಇದು ಒಂದು ಸಣ್ಣ ಜೀರುಂಡೆಯ ಮರಿಹುಳ. ಇಲ್ಲಿ ಸಾಮಾನ್ಯವಾಗಿ ಸಿಗುವುದು ಫರ್ನಿಚರ್ ಬೀಟಲ್, ಶಾಸ್ತ್ರೀಯ ಹೆಸರು ಅನೋಬಿಯಂ ಪಂಕ್ಟೇಟಮ್. ತಾಯಿ ಮರದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕು ಮೂರು ನಾಲ್ಕು ವರ್ಷ ಸದ್ದಿಲ್ಲದೆ ಮರ ತಿನ್ನುತ್ತಾ ಇರುತ್ತದೆ. ಕೊನೆಗೆ ರೆಕ್ಕೆ ಬಂದು ಬೇಸಿಗೆಯಲ್ಲಿ ಒಂದೆರಡು ಮಿಲಿಮೀಟರ್ ತೂತು ಕೊರೆದು ಹೊರಗೆ ಹಾರುತ್ತದೆ. ಅಂದರೆ ನಾವು ನೋಡುವ ತೂತು ಹುಳ ಒಳಗೆ ಹೋದ ದಾರಿ ಅಲ್ಲ, ಊಟ ಮುಗಿಸಿ ಹೊರಟ ದಾರಿ. ನಮಗೆ ಗೊತ್ತಾಗುವ ಹೊತ್ತಿಗೆ ವರ್ಷಗಳ ಕೆಲಸ ನಡೆದಿರುತ್ತದೆ.

ಈಗ ವಿಮೆಯ ವಿಷಯ. ತಿಂಗಳಿಗೆ 22 ಪೌಂಡಿನಂತೆ ಬಿಲ್ಡಿಂಗ್ಸ್ ಮತ್ತು ಕಂಟೆಂಟ್ಸ್ ಎರಡಕ್ಕೂ ಕಟ್ಟುತ್ತಿದ್ದೆವು. ಒಂದು ತಿಂಗಳೂ ತಪ್ಪಿಸಿರಲಿಲ್ಲ. ಧೈರ್ಯವಾಗಿ ಕ್ಲೇಮ್ ಹಾಕಿದೆವು. ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ಹತ್ತು ದಿನಕ್ಕೆ ಪತ್ರ ಬಂತು. ಕೀಟ, ಹುಳ, ಶಿಲೀಂಧ್ರ, ಸವೆತ ಮತ್ತು ನಿಧಾನವಾಗಿ ಆಗುವ ಯಾವುದೇ ಹಾನಿಗೆ ಪಾಲಿಸಿಯಲ್ಲಿ ರಕ್ಷಣೆ ಇಲ್ಲ, ಆದ್ದರಿಂದ ಏನೂ ಕೊಡಲಾಗುವುದಿಲ್ಲ ಅಂತ. ಕಂಪನಿ ಯಾವುದು ಅಂತ ಕೇಳಬೇಡಿ. ಹೆಸರು ಹೇಳಿ ಪ್ರಯೋಜನವಿಲ್ಲ, ಯಾಕೆಂದರೆ ಇಲ್ಲಿನ ಸಾಮಾನ್ಯ ಮನೆ ವಿಮೆಗಳಲ್ಲೆಲ್ಲ ಇದೇ ಷರತ್ತು ಇರುತ್ತದೆ. ಬೆಂಕಿ, ಬಿರುಗಾಳಿ, ಪ್ರವಾಹ, ಕಳ್ಳತನ, ಪೈಪು ಒಡೆದದ್ದು, ನೆಲ ಕುಸಿದದ್ದು, ಇವಕ್ಕೆ ಕೊಡುತ್ತಾರೆ. ಹುಳಕ್ಕೆ ಕೊಡುವುದಿಲ್ಲ.

ಆ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮತ್ತೆ ವಿಮೆ ಇರುವುದು ಯಾವುದಕ್ಕೆ?" ಅಂತ ಇವರ ಮೇಲೆ ಹಾರಾಡಿದೆ. ನೆಲ ಬಿಚ್ಚಿ, ತೊಲೆ ಬದಲಿಸಿ, ಔಷಧಿ ಹೊಡೆದು ಮತ್ತೆ ಹಾಕಲು ಆದ ಒಟ್ಟು ಖರ್ಚು 4,300 ಪೌಂಡ್. ತಂಗಿಯ ಸೀಮಂತಕ್ಕೆ ಊರಿಗೆ ಹೋಗಲು ಎತ್ತಿಟ್ಟ ಟಿಕೆಟ್ ದುಡ್ಡು ಅದರಲ್ಲಿ ಸೇರಿ ಹೋಯಿತು. ಅಮ್ಮ ಫೋನಿನಲ್ಲೇ ಆರತಿ ತೋರಿಸಿದರು. ಆ ವಾರ ನಾನು ಮಾಡಿದ್ದು ಬ್ಯಾಂಕ್ ಶಿಫ್ಟ್, ಅಂದರೆ ರಜದ ದಿನದಲ್ಲಿ ಹೆಚ್ಚಿನ ದುಡ್ಡಿಗೆ ಮಾಡುವ ಡ್ಯೂಟಿ. ಅಂಥವು ಒಟ್ಟು 16 ಮಾಡಿದ ಮೇಲೆ ಲೆಕ್ಕ ಸರಿಹೋಯಿತು.

ಸಿಟ್ಟು ಇಳಿದ ಮೇಲೆ ಈಗ ನನ್ನ ಅಭಿಪ್ರಾಯ ಬೇರೆ. ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಹುಳಕ್ಕೆ ವಿಮೆ ಕೊಡದಿರುವುದು ಸರಿಯೇ. ತಪ್ಪಿರುವುದು ಬೇರೆ ಕಡೆ.

ನರ್ಸ್‌ಗಳಿಗೆ ಇದು ಬೇಗ ಅರ್ಥವಾಗುತ್ತದೆ. ರೋಗಿ ಬಿದ್ದು ಸೊಂಟ ಮುರಿದರೆ ಅದು ಅಪಘಾತ. ಇಂಥ ದಿನ, ಇಷ್ಟು ಹೊತ್ತಿಗೆ ಆಯಿತು ಅಂತ ಬರೆಯಬಹುದು. ಬೆಡ್ ಸೋರ್ ಹಾಗಲ್ಲ. ಮನೆಯವರು ಬಂದು "ನಿನ್ನೆಯವರೆಗೆ ಸರಿ ಇತ್ತಲ್ಲ, ಇವತ್ತು ಹುಣ್ಣು ಹೇಗೆ ಬಂತು?" ಅಂತ ಕೇಳುತ್ತಾರೆ. ಅದು ಇವತ್ತು ಬಂದದ್ದಲ್ಲ. ಚರ್ಮ ಕೆಂಪಾದ ದಿನ ಯಾರೋ ನೋಡಿಲ್ಲ, ಅಥವಾ ನೋಡಿ ಮಗ್ಗುಲು ಬದಲಿಸಿಲ್ಲ. ಅದಕ್ಕೆ ಮದ್ದು ದುಡ್ಡಲ್ಲ, ದಿನದಿನದ ಕಣ್ಣು. ಕುಟ್ಟೆ ಹಿಡಿಯುವುದು ಮನೆಗೆ ಆದ ಬೆಡ್ ಸೋರ್. ವಿಮೆ ಇರುವುದು ಆಗಬಹುದು ಅಥವಾ ಆಗದೇ ಇರಬಹುದು ಅನ್ನುವಂಥದಕ್ಕೆ. ಗಮನ ಕೊಡದಿದ್ದರೆ ಆಗಿಯೇ ಆಗುವಂಥದಕ್ಕೆ ಅಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದರಲ್ಲೊಂದು 1919ಕ್ಕಿಂತ ಹಿಂದಿನದು. ಅವೆಲ್ಲದರ ಹುಳಕ್ಕೂ ವಿಮೆ ಕೊಟ್ಟರೆ, ವರ್ಷವರ್ಷ ಲಾಫ್ಟ್ ಹತ್ತಿ ನೋಡುವವರ ಪ್ರೀಮಿಯಂನಿಂದ ಒಮ್ಮೆಯೂ ನೋಡದವರ ನೆಲ ರಿಪೇರಿ ಆಗುತ್ತದೆ. ಅದೂ ನ್ಯಾಯವಲ್ಲ.

ಹಾಗಾದರೆ ತಪ್ಪು ಎಲ್ಲಿ? ನನ್ನ ಪ್ರಕಾರ ಮೂರು ಕಡೆ.

ಮೊದಲನೆಯದು ನಮ್ಮದೇ. ಮನೆ ಕೊಳ್ಳುವಾಗ ಲೆವೆಲ್ 2 ಸರ್ವೇ ಮಾಡಿಸಿದ್ದೆವು. ಅದರ ಹದಿನೇಳನೆಯ ಪುಟದಲ್ಲಿ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮರ ಕೊರೆಯುವ ಕೀಟದ ಗುರುತು ಇದೆ, ತಜ್ಞರಿಂದ ಪರೀಕ್ಷೆ ಮಾಡಿಸಿ ಅಂತ ಸ್ಪಷ್ಟವಾಗಿ ಬರೆದಿತ್ತು. ನಾವು ಓದಿದ್ದೆವು. ಬಾಡಿಗೆ ಮನೆಯ ನೋಟಿಸ್ ಮುಗಿಯುತ್ತಾ ಬಂದಿತ್ತು, ಇನ್ನೊಬ್ಬರು ಮನೆ ಹಾರಿಸಿಕೊಂಡು ಹೋಗುತ್ತಾರೆ ಅನ್ನುವ ಭಯ. "ಹಳೇ ಮನೆ ಅಂದ್ರೆ ಇದ್ದದ್ದೇ" ಅಂತ ಮುಂದೆ ಹೋದೆವು. ಆ ಒಂದು ಸಾಲು ಹಿಡಿದುಕೊಂಡು ಬೆಲೆಯಲ್ಲಿ ಚೌಕಾಸಿ ಮಾಡಬಹುದಿತ್ತು. ಇನ್ನು ಕೆಲವರು ಸರ್ವೇಯನ್ನೇ ಮಾಡಿಸುವುದಿಲ್ಲ, ಬ್ಯಾಂಕಿನವರು ನೋಡಿ ಹೋಗಿದ್ದಾರಲ್ಲ ಅನ್ನುತ್ತಾರೆ. ಅದು ವ್ಯಾಲ್ಯುಯೇಷನ್. ಕೊಟ್ಟ ಸಾಲಕ್ಕೆ ಮನೆ ಸಮವೇ ಅಂತ ಬ್ಯಾಂಕ್ ತನಗಾಗಿ ನೋಡಿಕೊಳ್ಳುವುದು. ನಿಮಗಾಗಿ ಅಲ್ಲ. ನೂರು ವರ್ಷದ ಮನೆಯಾದರೆ ಲೆವೆಲ್ 3 ಮಾಡಿಸಿ. ದುಡ್ಡು ಜಾಸ್ತಿ ನಿಜ, ಆದರೆ ನನ್ನ 16 ಶಿಫ್ಟ್ ಮುಂದೆ ಏನೂ ಅಲ್ಲ.

ಎರಡನೆಯದು ವಿಮೆ ಮಾರುವ ರೀತಿ. ರಾತ್ರಿ ಹನ್ನೊಂದಕ್ಕೆ ಬೆಲೆ ಹೋಲಿಸುವ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಒತ್ತಿ ಕೊಳ್ಳುತ್ತೇವೆ. ಪಾಲಿಸಿ ಜೊತೆಗೆ ಎರಡು ಮೂರು ಪುಟದ ಒಂದು ಸಾರಾಂಶ ಕೊಡಬೇಕು ಅಂತ 2018ರಿಂದ ಇಲ್ಲಿ ನಿಯಮ ಇದೆ. ಅದರಲ್ಲಿ ಹಸಿರು ಟಿಕ್ ಇರುವುದು ಸಿಗುವಂಥದ್ದು, ಕೆಂಪು ಗುಣಾಕಾರದ ಗುರುತು ಇರುವುದು ಸಿಗದಂಥದ್ದು. ಒಳ್ಳೆಯ ವ್ಯವಸ್ಥೆ. ಆದರೆ ನಮ್ಮ ಪಾಲಿಸಿಯ ಸಾರಾಂಶದಲ್ಲಿ "ಸವೆತ ಮತ್ತು ನಿಧಾನವಾಗಿ ಆಗುವ ಹಾನಿ" ಅಂತ ಮಾತ್ರ ಇತ್ತು. ಕೀಟ ಅನ್ನುವ ಪದ ಸಿಕ್ಕಿದ್ದು ದೊಡ್ಡ ಪುಸ್ತಕದ ನಡುವಿನಲ್ಲಿ. ಹಳೆಯ ಮರದ ಮನೆಗಳ ದೇಶದಲ್ಲಿ "ಮರಕ್ಕೆ ಹುಳ ಹಿಡಿದರೆ ಕೊಡುವುದಿಲ್ಲ" ಅನ್ನುವ ಒಂದು ನೇರ ವಾಕ್ಯವನ್ನು ಮೊದಲ ಪುಟದಲ್ಲಿ ಹಾಕಲು ಏನು ಕಷ್ಟ? ಮಾತ್ರೆಯ ಡಬ್ಬಿಯ ಮೇಲೆ ಅಲರ್ಜಿ ಎಚ್ಚರಿಕೆಯನ್ನು ಒಳಗಿನ ಚೀಟಿಯಲ್ಲಿ ಮಾತ್ರ ಬರೆದರೆ ನಾವು ಒಪ್ಪುತ್ತೇವಾ?

ಮೂರನೆಯದು, ನನಗೆ ಈಗಲೂ ಬೇಸರ ಇರುವುದು. "ನಿಧಾನವಾಗಿ ಆದ ಹಾನಿ" ಅನ್ನುವ ಒಂದೇ ಮುಚ್ಚಳವನ್ನು ಎಲ್ಲ ಪಾತ್ರೆಗೂ ಮುಚ್ಚುವುದು. ನಮ್ಮ ಬಚ್ಚಲಿನಲ್ಲಿ ಎರಡು ವಿಷಯ ಇದ್ದವು. ಒಂದು ಹುಳ. ಇನ್ನೊಂದು, ಟಬ್ಬಿನ ಕೆಳಗೆ ನೀರು ಹೋಗುವ ಪೈಪಿನ ಜಾಯಿಂಟ್ ಸಡಿಲವಾಗಿ ತೊಟ್ಟಿಕ್ಕುತ್ತಿದ್ದದ್ದು. ಟಬ್ಬಿನ ಹಲಗೆ ಬಿಚ್ಚದೆ ಅದು ಯಾರಿಗೂ ಕಾಣುವಂತಿರಲಿಲ್ಲ. ಪೈಪಿನಿಂದ ನೀರು ಸೋರಿದ್ದಕ್ಕೆ ಪಾಲಿಸಿಯಲ್ಲಿ ರಕ್ಷಣೆ ಇತ್ತು. ಆದರೆ ಪತ್ರದಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿ ಎಸೆದಿದ್ದರು.

ನಮ್ಮ ವಾರ್ಡಿನ ಹಿರಿಯ ಹೆಲ್ತ್‌ಕೇರ್ ಅಸಿಸ್ಟೆಂಟ್ ಒಬ್ಬರು, ಇಲ್ಲಿಯವರೇ, ಹೇಳಿಕೊಟ್ಟರು: ಮೊದಲು ಕಂಪನಿಗೆ ಲಿಖಿತ ದೂರು ಕೊಡು. 8 ವಾರದೊಳಗೆ ಅವರು ಕೊನೆಯ ಉತ್ತರ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 6 ತಿಂಗಳೊಳಗೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು, ನಮಗೆ ಒಂದು ಪೆನ್ನಿಯೂ ಖರ್ಚಿಲ್ಲ. ನಿಧಾನವಾಗಿ ಆದ ಹಾನಿಯಾದರೂ ಮನೆಯವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ ಅಂತಾದರೆ, ಆ ಷರತ್ತನ್ನು ಹಿಡಿದು ಕ್ಲೇಮ್ ತಳ್ಳುವುದು ನ್ಯಾಯವೇ ಅಂತ ಓಂಬುಡ್ಸ್‌ಮನ್ ನೋಡುತ್ತಾರೆ. ನಾನು ಕೇಸ್ ನೋಟ್ಸ್ ಬರೆದ ಹಾಗೆ ದಿನಾಂಕ, ಫೋಟೋ, ಪ್ಲಂಬರ್ ಬರೆದುಕೊಟ್ಟ ಚೀಟಿ ಎಲ್ಲ ಸೇರಿಸಿ ದೂರು ಕೊಟ್ಟೆ. ಹುಳದ ದುಡ್ಡು ಕೇಳಲಿಲ್ಲ. ನೀರಿನಿಂದ ಹಾಳಾದ ಭಾಗವನ್ನು ಮಾತ್ರ ಕೇಳಿದೆ. ಓಂಬುಡ್ಸ್‌ಮನ್ ವರೆಗೆ ಹೋಗಬೇಕಾಗಲಿಲ್ಲ. ಏಳನೆಯ ವಾರ ಕಂಪನಿ 1,150 ಪೌಂಡ್ ಕೊಟ್ಟಿತು. ಹುಳ ಹಿಡಿದ ತೊಲೆಗೆ ಸೊನ್ನೆ. ಅದು ನ್ಯಾಯ ಅಂತಲೇ ನಾನು ಒಪ್ಪಿದ್ದೇನೆ. ಆದರೆ ಮೊದಲ ಪತ್ರವನ್ನು ನಂಬಿ ಸುಮ್ಮನಿದ್ದರೆ ಅದೂ ಸಿಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಗಟ್ಟಿ ಕಾಗದದ ಮೇಲೆ "ಇಲ್ಲ" ಅಂತ ಬಂದರೆ ನಮ್ಮವರು ಬೇಗ ನಂಬಿಬಿಡುತ್ತೇವೆ. ನಂಬಬೇಡಿ, ಒಮ್ಮೆ ಕೇಳಿ.

ಇಲ್ಲಿ ಇನ್ನೊಂದು ಎಚ್ಚರಿಕೆ. ತೂತು ಕಂಡ ಕೂಡಲೇ ಹೆದರಿ ಮನೆಯೆಲ್ಲ ಔಷಧಿ ಹೊಡೆಸಬೇಡಿ. ನಮಗೂ ಒಬ್ಬರು "ಫ್ರೀ ಸರ್ವೇ" ಅಂತ ಬಂದು ಇಡೀ ಮನೆಗೆ, ಲಾಫ್ಟ್ ಸೇರಿಸಿ, 2,900 ಪೌಂಡ್ ಅಂದರು. ಔಷಧಿ ಮಾರುವವರೇ ರೋಗ ಪತ್ತೆ ಮಾಡಿದರೆ ಎಲ್ಲರಿಗೂ ರೋಗ ಇದ್ದೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಕಾಣುವ ತೂತು ಐವತ್ತು ಅರವತ್ತು ವರ್ಷದ ಹಿಂದೆ ಹಾರಿ ಹೋದ ಹುಳದ್ದು. ಈಗ ಒಳಗೆ ಯಾರೂ ಇಲ್ಲ. ಬದುಕಿದೆಯೇ ಅಂತ ನೋಡಲು ಸುಲಭದ ಉಪಾಯ ಇದೆ. ತೂತುಗಳ ಮೇಲೆ ಏಪ್ರಿಲಿನಲ್ಲಿ ತೆಳ್ಳನೆಯ ಕಾಗದ ಅಂಟಿಸಿ, ತಾರೀಕು ಬರೆಯಿರಿ. ಬೇಸಿಗೆ ಮುಗಿದ ಮೇಲೆ ನೋಡಿ. ಕಾಗದದಲ್ಲಿ ಹೊಸ ತೂತು ಇದ್ದರೆ, ಕೆಳಗೆ ತಿಳಿಬಣ್ಣದ ಹೊಸ ಪುಡಿ ಬಿದ್ದಿದ್ದರೆ, ಹುಳ ಇದೆ. ನಮ್ಮ ಲಾಫ್ಟಿನಲ್ಲಿ ಹಾಗೆ ಮಾಡಿದೆ, ಏನೂ ಬರಲಿಲ್ಲ. ಬಚ್ಚಲು ಮತ್ತು ಮೆಟ್ಟಿಲ ಕೆಳಗೆ ಮಾತ್ರ ಔಷಧಿ ಹೊಡೆಸಿದೆವು. ಲಾಫ್ಟಿನಲ್ಲಿ ಬಾವಲಿ ಇದ್ದರಂತೂ ಔಷಧಿ ಮುಟ್ಟಲೇಬೇಡಿ. 1981ರ ಕಾನೂನಿನಲ್ಲಿ ಇಲ್ಲಿ ಅವಕ್ಕೆ ರಕ್ಷಣೆ ಇದೆ. ಇಂಗ್ಲೆಂಡಿನಲ್ಲಾದರೆ ಮೊದಲು ನ್ಯಾಚುರಲ್ ಇಂಗ್ಲೆಂಡ್‌ನವರನ್ನು ಕೇಳಬೇಕು. ಸರ್ರೆ ಕಡೆ ಇರುವವರು ಮಾತ್ರ ಸ್ವಲ್ಪ ಜಾಸ್ತಿ ಎಚ್ಚರ ಇರಲಿ. ಅಲ್ಲಿನ ಕೆಲವು ಪ್ರದೇಶಗಳಲ್ಲಿ ಛಾವಣಿಯ ಮರವನ್ನು ತಿನ್ನುವ ಹೌಸ್ ಲಾಂಗ್‌ಹಾರ್ನ್ ಅನ್ನುವ ದೊಡ್ಡ ಜೀರುಂಡೆ ಇದೆ, ಅದರ ತೂತೂ ದೊಡ್ಡದು, ಹಾನಿಯೂ ದೊಡ್ಡದು.

ಔಷಧಿ ಹೊಡೆದವರು 20 ವರ್ಷದ ಗ್ಯಾರಂಟಿ ಕಾಗದ ಕೊಟ್ಟರು. ಹುಳದ ವಿಷಯದಲ್ಲಿ ವಿಮೆ ಅಂತ ಒಂದಿದ್ದರೆ ಅದು ಇಲ್ಲಿ ಬರುತ್ತದೆ. ಕೊಟ್ಟ ಕಂಪನಿಯೇ ಐದು ವರ್ಷದಲ್ಲಿ ಬಾಗಿಲು ಹಾಕಿದರೆ ಕಾಗದ ಉಪ್ಪಿನಕಾಯಿ ಕಟ್ಟಲಿಕ್ಕೂ ಬಾರದು. ಅದಕ್ಕೇ ಗ್ಯಾರಂಟಿಗೆ ಹಿಂದಿನಿಂದ ಬೇರೆ ವಿಮೆ ಇದೆಯೇ ಅಂತ ಕೇಳಿ. ಒಮ್ಮೆ ಸಣ್ಣ ಮೊತ್ತ ಕಟ್ಟಿದರೆ, ಕಂಪನಿ ಮುಳುಗಿದರೂ ಗ್ಯಾರಂಟಿ ಉಳಿಯುತ್ತದೆ. ಷರತ್ತು ಓದಿ. ನೀವು ತೇವ ಹಾಗೇ ಬಿಟ್ಟರೆ ಅದೂ ನಡೆಯುವುದಿಲ್ಲ. ಕಾಗದ ಜೋಪಾನವಾಗಿಡಿ. ಮುಂದೆ ಮನೆ ಮಾರುವಾಗ ಮಾರುವವರು ತುಂಬಬೇಕಾದ ಟಿಎ6 ಫಾರಂನಲ್ಲಿ ಮರಕ್ಕೆ ಮಾಡಿಸಿದ ಚಿಕಿತ್ಸೆಯ ಗ್ಯಾರಂಟಿ ಇದೆಯೇ ಅಂತ ಕೇಳುತ್ತಾರೆ.

ತೇವ ಅಂದೆ. ಕಥೆಯ ಮೂಲ ಅಲ್ಲೇ ಇರುವುದು. ಮರದ ತೇವಾಂಶ ಶೇಕಡಾ 12ಕ್ಕಿಂತ ಕೆಳಗಿದ್ದರೆ ಈ ಹುಳ ಬೆಳೆಯುವುದು ಕಷ್ಟ. ಒದ್ದೆ ಮರ ಅದಕ್ಕೆ ಮದುವೆ ಊಟ. ನಮ್ಮ ಮನೆಯಲ್ಲಿ ಪೈಪು ಸೋರುತ್ತಿದ್ದದ್ದು ಒಂದು ಕಾರಣವಾದರೆ, ಇನ್ನೊಂದು ಹಿಂದಿನ ಅಂಗಳ. ಮೊದಲಿದ್ದವರು ಚಂದಕ್ಕೆ ಕಲ್ಲುಹಾಸು ಹಾಕಿಸುವಾಗ ಗೋಡೆಯ ಬುಡದಲ್ಲಿದ್ದ ಏರ್‌ಬ್ರಿಕ್, ಅಂದರೆ ನೆಲದಡಿಗೆ ಗಾಳಿ ಹೋಗಲು ಇಟ್ಟ ತೂತಿನ ಇಟ್ಟಿಗೆಗಳನ್ನು ಮುಚ್ಚಿಬಿಟ್ಟಿದ್ದರು. ಗಾಳಿ ಇಲ್ಲದ ನೆಲ, ತೊಟ್ಟಿಕ್ಕುವ ನೀರು. ಹುಳವನ್ನು ನಾವೇ ಕರೆದು ಎಲೆ ಹಾಕಿದ ಹಾಗೆ. ಎರಡು ಇಟ್ಟಿಗೆ ಬಿಡಿಸಲು ಆದ ಖರ್ಚು 90 ಪೌಂಡ್.

ಅಪ್ಪನಿಗೆ ಇದೆಲ್ಲ ಹೇಳಿದಾಗ ಅವರು ನಗಲಿಲ್ಲ. "ನಾವು ವರ್ಷವರ್ಷ ಮಾಡ್ತಿದ್ದದ್ದು ಮತ್ತೆ ಎಂತಕ್ಕೆ?" ಅಂತ ಕೇಳಿದರು. ನಿಜ. ಮಳೆಗಾಲ ಮುಗಿದ ಮೇಲೆ ಅಪ್ಪ ಏಣಿ ಇಟ್ಟು ಪಕ್ಕಾಸು, ರೀಪು ಒಂದೊಂದನ್ನೂ ಬೆರಳಿನಲ್ಲಿ ತಟ್ಟಿ ನೋಡುತ್ತಿದ್ದರು. ಒಡೆದ ಹಂಚು ಬದಲಿಸಿ, ಮರಕ್ಕೆ ಗೇರೆಣ್ಣೆ ಬಳಿಯುತ್ತಿದ್ದರು. ಆ ವಾಸನೆಗೆ ನಾವು ಮಕ್ಕಳು ಮೂಗು ಮುಚ್ಚಿ ಓಡುತ್ತಿದ್ದೆವು. ಅಡುಗೆಮನೆಯ ಒಲೆಯ ಹೊಗೆ ಅಟ್ಟದ ಮರವನ್ನು ಕಪ್ಪು ಮಾಡಿ ಒಣಗಿಸಿಟ್ಟಿತ್ತು. ಗ್ಯಾಸ್ ಬಂದು ಒಲೆ ಆರಿದ ಮೇಲೆ ಅಟ್ಟದಲ್ಲಿ ಮೊದಲ ಸಲ ಕುಟ್ಟೆಯ ಹಿಟ್ಟು ಉದುರಿದ್ದು ನನಗೆ ನೆನಪಿದೆ. ಒಲೆಯ ಹೊಗೆ ಅಮ್ಮನ ಕಣ್ಣಿಗೂ ಎದೆಗೂ ಏನು ಮಾಡಿತು ಅಂತ ನರ್ಸ್ ಆಗಿ ನನಗೆ ಗೊತ್ತು, ಹಾಗಾಗಿ ಅದು ಹೋದದ್ದಕ್ಕೆ ದುಃಖವಿಲ್ಲ. ಆದರೆ ಒಲೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಯಾರಾದರೂ ಮಾಡಬೇಕಿತ್ತು. ಅಪ್ಪ ಮಾಡಿದರು, ಗೇರೆಣ್ಣೆ ಎರಡು ಕೈ ಜಾಸ್ತಿ ಬಳಿದರು. ಇಲ್ಲಿ ನಾನು ತಿಂಗಳಿಗೆ 22 ಪೌಂಡ್ ಕಟ್ಟಿ, ಆ ಕೆಲಸ ಯಾರೋ ಮಾಡುತ್ತಿದ್ದಾರೆ ಅಂದುಕೊಂಡೆ. ಅದೇ ನನ್ನ ತಪ್ಪು.

ವಿಮೆ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಂಕಿಗೆ, ನೀರಿಗೆ, ಕಳ್ಳರಿಗೆ ಅದು ಬೇಕೇ ಬೇಕು. ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಗೊತ್ತಿದ್ದದ್ದನ್ನು ಮುಚ್ಚಿಡದೆ ಉತ್ತರಿಸಿ, ಇಲ್ಲದಿದ್ದರೆ ಮುಂದೆ ಬೇರೆ ಕ್ಲೇಮಿಗೂ ತೊಂದರೆ. ಆದರೆ ಹುಳಕ್ಕೆ ನಿಮ್ಮ ವಿಮೆ ನೀವೇ. ನಾವು ಈಗ ತಿಂಗಳಿಗೆ 30 ಪೌಂಡ್ ಬೇರೆ ಖಾತೆಗೆ ಹಾಕುತ್ತೇವೆ, ಅದರ ಹೆಸರೇ "ಕುಟ್ಟೆ". ಏಪ್ರಿಲಿನಲ್ಲಿ ಒಂದು ಶನಿವಾರ ಟಾರ್ಚ್ ಹಿಡಿದು ಇಬ್ಬರೂ ಲಾಫ್ಟ್, ಮೆಟ್ಟಿಲ ಕೆಳಗೆ, ಟಬ್ಬಿನ ಹಲಗೆ ಬಿಚ್ಚಿ ನೋಡುತ್ತೇವೆ. 20 ಪೌಂಡಿನ ತೇವ ಅಳೆಯುವ ಮೀಟರ್ ಒಂದು ತಂದಿದ್ದೇವೆ. ಎರಡು ಗಂಟೆ ಕೆಲಸ. ಮಗಳಿಗೆ ಅದು ಪಿಕ್‌ನಿಕ್.

ಹಾಸನದ ಹುಡುಗಿ ಮಾರುವವರಿಗೆ ಹೇಳಿ, ಔಷಧಿ ಮಾರದ ಸ್ವತಂತ್ರ ತಜ್ಞರಿಂದ ಪರೀಕ್ಷೆ ಮಾಡಿಸುತ್ತಿದ್ದಾಳೆ. ಮನೆ ಬಿಡಬೇಕಾಗಿ ಬಂದರೂ ಪರವಾಗಿಲ್ಲ ಅಂದಳು. ಆ ಮಾತು ಹೇಳುವ ಧೈರ್ಯ ನಮಗೆ ಆಗ ಇರಲಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಆಗಿದ್ದರೆ, ಕ್ಲೇಮ್ ಸಿಕ್ಕಿದ್ದರೂ ಸಿಗದಿದ್ದರೂ, ಬರೆಯಿರಿ. ಮುಂದೆ ಕೊಳ್ಳುವವರಿಗೆ ಉಪಯೋಗವಾಗುತ್ತದೆ. ಇವತ್ತು ರಾತ್ರಿ ಡ್ಯೂಟಿ ಇದೆ, ಮಲಗಬೇಕು. ಮುಂದಿನ ವಾರ ಖಂಡಿತ ಸ್ಟ್ಯಾಂಪ್ ಡ್ಯೂಟಿ.